ಅಮ್ಮ ಮೊದಲ ಸಲ ಬಿದ್ದಿದ್ದು ನಮಗೆ ಗೊತ್ತೇ ಇರಲಿಲ್ಲ

ವಯಸ್ಸಾದವರನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರನ್ನಾದರೂ ಇಟ್ಟುಕೊಂಡಿದ್ದೀರಾ? ದಯವಿಟ್ಟು ಇದನ್ನು ಓದಿ. ನಾವೂ ಇಟ್ಟುಕೊಂಡಿದ್ದೆವು. ಇನ್ನು ಅಮ್ಮ ಬೀಳುವ ಭಯವಿಲ್ಲ ಅಂತ ನೆಮ್ಮದಿಯಾಗಿದ್ದೆವು.

ಅಮ್ಮನಿಗೆ 78 ವರ್ಷ. ಆ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕು ಅನ್ನಿಸಿದೆ. ನೋಡಿಕೊಳ್ಳುವ ಹುಡುಗಿ ಅದೇ ಕೋಣೆಯಲ್ಲಿ ಮಲಗಿದ್ದಳು. ‘ಪಾಪ, ಹಗಲೆಲ್ಲ ದುಡಿದಿದ್ದಾಳೆ, ಯಾಕೆ ಎಬ್ಬಿಸೋದು’ ಅಂತ ಒಬ್ಬರೇ ಎದ್ದರು. ವಾಕರ್ ಮಂಚದ ಹತ್ತಿರ ಇರಲಿಲ್ಲ. ಸಂಜೆ ನೆಲ ಒರೆಸುವಾಗ ಕಿಟಕಿ ಪಕ್ಕಕ್ಕೆ ಸರಿಸಿದ್ದು ಅಲ್ಲೇ ಉಳಿದಿತ್ತು. ಅಲ್ಲಿಗೆ ನಾಲ್ಕೇ ಹೆಜ್ಜೆ. ಮೂರನೆಯದಕ್ಕೆ ಕುಸಿದರು. ಹುಡುಗಿ ಗಾಬರಿಯಲ್ಲಿ ಎರಡೂ ಕೈ ಹಿಡಿದು ಎಳೆದು ಎಬ್ಬಿಸಲು ನೋಡಿದಳು. ಅಮ್ಮ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಸೊಂಟದ ಮೂಳೆ ಮುರಿದಿತ್ತು. ಹಾಗೆ ಎಳೆಯಬಾರದು, ಎಲ್ಲಿ ನೋವು ಅಂತ ಮೊದಲು ಕೇಳಬೇಕು ಅಂತ ನಾವ್ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ಹತ್ತು ದಿನ ಮುಂಚೆ ಅಮ್ಮನ ಮೊಣಕೈ ಮೇಲೆ ಒಂದು ಕಲೆ ನೋಡಿದ್ದೆ. ನೀಲಿ ಹೋಗಿ ಅಂಚು ಹಸಿರಾಗುತ್ತಿತ್ತು. ‘ಬಾಗಿಲು ತಗುಲಿತು ಬಿಡು’ ಅಂದರು. ಸುಮ್ಮನಾದೆ. ಬಾತ್‌ರೂಮಿನಲ್ಲಿ ಬಿದ್ದಿದ್ದರು ಅಂತ ಆಪರೇಷನ್ ಆದ ಮೇಲೆ ಗೊತ್ತಾಯಿತು. ‘ಮಕ್ಕಳಿಗೆ ಹೇಳಬೇಡ, ಆಮೇಲೆ ಓಡಾಡೋಕೇ ಬಿಡಲ್ಲ’ ಅಂತ ಹುಡುಗಿಯ ಬಾಯಿ ಮುಚ್ಚಿಸಿದ್ದರಂತೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಎರಡು ಪಟ್ಟು ಜಾಸ್ತಿ. ಆ ಹಸಿರು ಕಲೆ ಅದನ್ನೇ ಹೇಳುತ್ತಿತ್ತು ಅಲ್ವಾ?

ಇನ್ನೊಂದು ವಿಷಯ. ಅಮ್ಮನಿಗೆ ಹೊಸದಾಗಿ ಬಿಪಿ ಮಾತ್ರೆ ಬಂದಿತ್ತು, ಜೊತೆಗೆ ನಿದ್ರೆ ಮಾತ್ರೆ. ಇವೆರಡೂ ಬೀಳಿಸುವಂಥವೇ. ನಾವು ದಿನಾ ಬಿಪಿ ನೋಡುತ್ತಿದ್ದೆವು, ಆದರೆ ಕೂರಿಸಿ ಮಾತ್ರ. ಎದ್ದು ನಿಂತಾಗ ಬಿಪಿ ಇಳಿಯುತ್ತದಾ ಅಂತ ಅದರಲ್ಲಿ ಗೊತ್ತಾಗುವುದಿಲ್ಲ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರಂತೂ, ಎದ್ದು ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗೆ ರಕ್ತಸ್ರಾವವಾಗಿದ್ದರೆ ಲಕ್ಷಣ ತಡವಾಗಿ ಕಾಣಬಹುದು.

ಈಗ ವಾಕರ್ ಮಂಚಕ್ಕೆ ಒತ್ತಿಕೊಂಡೇ ಇರುತ್ತದೆ, ದಿಂಬಿನ ಪಕ್ಕ ಬೆಲ್ ಇದೆ. ‘ಬೀಳಲಿಲ್ಲ ತಾನೇ?’ ಅಂತ ನಾನು ಕೇಳುವುದಿಲ್ಲ, ಅದಕ್ಕೆ ಅವರು ‘ಇಲ್ಲ’ ಅಂತಲೇ ಹೇಳುತ್ತಾರೆ. ‘ಇವತ್ತು ಎಲ್ಲಾದರೂ ಗೋಡೆ ಹಿಡ್ಕೋಬೇಕಾಯ್ತಾ ಅಮ್ಮ?’ ಅಂತ ಕೇಳುತ್ತೇನೆ. ಹೌದು ಅಂದರೆ ಬೈಯುವುದಿಲ್ಲ. ಎಲ್ಲಿ ಅಂತ ತೋರಿಸಿ ಅನ್ನುತ್ತೇನೆ.