ಕಿಂಡರ್, ಬ್ಲೀಕ್ಲೋ, ಬ್ಲ್ಯಾಕ್ ಹಿಲ್: ಮೂರೂ ಹತ್ತಿ ನೋಡಿದ್ಮೇಲೆ

ಮ್ಯಾಂಚೆಸ್ಟರ್‌ಗೆ ಹೊಸದಾಗಿ ಬಂದ ನಮ್ಮವರು ಕೇಳೋದು ಒಂದೇ, ಊರಿನ ಪಕ್ಕದ ಬೆಟ್ಟಸೀಮೆ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮೊದಲು ಯಾವ ಬೆಟ್ಟಕ್ಕೆ ಹೋಗೋಣ ಅಂತ. ನಾನು ಕಿಂಡರ್ ಸ್ಕೌಟ್‌ಗೆ ನಾಲ್ಕು ಸಲ, ಬ್ಲೀಕ್ಲೋಗೆ ಮೂರು ಸಲ, ಬ್ಲ್ಯಾಕ್ ಹಿಲ್‌ಗೆ ಎರಡು ಸಲ ಹೋಗಿದೀನಿ. ಎತ್ತರ ಕ್ರಮವಾಗಿ 636, 633, 582 ಮೀಟರ್ ಅಂತ ನೋಡಿ, ನಮ್ಮ ನಂದಿಬೆಟ್ಟಾನೇ 1,478 ಇದೆಯಲ್ಲ ಅಂತ ಹಗುರವಾಗಿ ತಗೋಬೇಡಿ. ಕಷ್ಟ ಇರೋದು ಏರಿನಲ್ಲಲ್ಲ, ಮೇಲಿನ ನೆಲದಲ್ಲಿ. ಚೂಪಾದ ತುದಿ ಅಂತ ಇರಲ್ಲ, ಅಗಲಕ್ಕೆ ಹರಡಿಕೊಂಡ ಬಯಲು, ಅದರ ತುಂಬ ಪೀಟ್, ಅಂದ್ರೆ ಸಾವಿರಾರು ವರ್ಷದಿಂದ ನೀರಲ್ಲಿ ಅರ್ಧಂಬರ್ಧ ಕೊಳೆತ ಪಾಚಿ ಹುಲ್ಲಿನ ಕಪ್ಪು ಮಣ್ಣು, ಮಳೆನೀರು ಅದನ್ನ ಕೊರೆದು ಮಾಡಿದ ಕೊರಕಲಿಗೆ ಇಲ್ಲಿಯವರು ಗ್ರಫ್ ಅಂತಾರೆ, ಕೆಲವದ್ರಲ್ಲಿ ಇಳಿದ್ರೆ ಆಕಾಶ ಬಿಟ್ಟು ಬೇರೇನೂ ಕಾಣಲ್ಲ.

ಮೊದಲ ಸಲಕ್ಕೆ ಕಿಂಡರ್, ಇದರಲ್ಲಿ ನಂಗೆ ಅನುಮಾನವೇ ಇಲ್ಲ. ಶೆಫೀಲ್ಡ್ ಲೈನ್ ಟ್ರೇನ್ ಹಿಡಿದು ಈಡೇಲ್‌ನಲ್ಲಿ ಇಳಿದ್ರೆ ಅಲ್ಲಿಂದಾನೇ ನಡಿಗೆ, ಜೇಕಬ್ಸ್ ಲ್ಯಾಡರ್ ಕಲ್ಲುಮೆಟ್ಟಿಲು ಹತ್ತಿ ಕಿಂಡರ್ ಲೋ ಟ್ರಿಗ್ ಪಾಯಿಂಟ್ (ಹಿಂದೆ ಭೂಮಿ ಅಳತೆಗೆ ಕಟ್ಟಿದ ಕಂಬ) ಮುಟ್ಟಿ, ಬಯಲಿನ ಅಂಚು ಹಿಡಿದು ಹೋದ್ರೆ ಕಿಂಡರ್ ಡೌನ್‌ಫಾಲ್. ಪಶ್ಚಿಮದ ಗಾಳಿ ಜೋರಾಗಿದ್ದಾಗ ಆ ಜಲಪಾತದ ನೀರು ಕೆಳಗೆ ಬೀಳೋ ಬದಲು ಮೇಲಕ್ಕೇ ಹಾರುತ್ತೆ, ನಾವು ನಿಂತಲ್ಲೇ ತೊಪ್ಪೆಯಾಗಿದ್ವಿ. ನಿಜವಾದ 636 ಮೀಟರ್ ಜಾಗ ಅಂಚಿನಿಂದ ಒಳಗೆ ಪೀಟ್ ಮಧ್ಯೆ ಇದೆ, ಅದನ್ನ ಹುಡುಕೋಕೆ ಮೊದಲ ದಿನವೇ ಹೋಗಬೇಡಿ. ಇನ್ನೊಂದು ಮಾತು, 1932ರ ಏಪ್ರಿಲ್ 24ಕ್ಕೆ ಹೇಫೀಲ್ಡ್ ಕಡೆಯಿಂದ ನೂರಾರು ಜನ, ಹೆಚ್ಚಿನವರು ಕೂಲಿ ಕಾರ್ಮಿಕ ಹುಡುಗರು, ಬೇಟೆಗೆ ಅಂತ ಮುಚ್ಚಿಟ್ಟಿದ್ದ ಇದೇ ಬೆಟ್ಟಕ್ಕೆ ನುಗ್ಗಿದ್ರು, ಐದು ಜನ ಜೈಲಿಗೂ ಹೋದ್ರು. ಇವತ್ತು ನಾವು ಯಾರನ್ನೂ ಕೇಳದೆ ಇಲ್ಲಿ ನಡೀತೀವಲ್ಲ, ಆ ಋಣ ದೊಡ್ಡದು.

ಬ್ಲೀಕ್ಲೋ ಎತ್ತರದಲ್ಲಿ ಮೂರೇ ಮೀಟರ್ ಕಡಿಮೆ, ಆದ್ರೆ ಬೇರೆಯದೇ ಲೋಕ. ಕಿಂಡರ್‌ನಲ್ಲಿ ಅಂಚು ಕೈಹಿಡಿದು ಕರ್ಕೊಂಡು ಹೋಗುತ್ತೆ, ಇಲ್ಲಿ ಅಂಥ ಆಸರೆ ಇಲ್ಲ. ಎರಡನೇ ಸಲ ಮಂಜು ಮುಚ್ಕೊಂಡು, ಚಳಿಗೆ ಫೋನ್ ಬ್ಯಾಟರಿ ಸತ್ತು, ಗ್ರಫ್ ಇಳಿದು ಹತ್ತಿ ಇಳಿದು ಹತ್ತಿ ಕೊನೆಗೆ ಗೆಳೆಯನ ಕಂಪಾಸ್ ನಂಬ್ಕೊಂಡೇ ಸ್ನೇಕ್ ಪಾಸ್ ರೋಡಿಗೆ ಬಂದ್ವಿ, ಆವತ್ತಿನಿಂದ ಪೇಪರ್ ಮ್ಯಾಪ್ ಇಲ್ಲದೆ ನಾನು ಹೊರಡಲ್ಲ. 1948ರ ನವೆಂಬರ್‌ನಲ್ಲಿ ಮೋಡದೊಳಗೆ ದಾರಿ ಕಾಣದೆ ಬೆಟ್ಟಕ್ಕೆ ಬಡಿದು ಬಿದ್ದ ಅಮೆರಿಕದ ಬಿ-29 ವಿಮಾನದ ತುಂಡುಗಳು ಇನ್ನೂ ಅಲ್ಲೇ ಚೆಲ್ಲಿವೆ, ಅದರಲ್ಲಿದ್ದ 13 ಜನರೂ ತೀರ್ಕೊಂಡ್ರು. ಅಲ್ಲಿ ನಿಂತಾಗ ಯಾರಿಗೂ ಮಾತೇ ಬರಲಿಲ್ಲ. ದಯವಿಟ್ಟು ಒಂದು ಚೂರನ್ನೂ ಎತ್ಕೊಂಡು ಬರಬೇಡಿ.

ಬ್ಲ್ಯಾಕ್ ಹಿಲ್ ಕಾಲಿಗೆ ಸುಖ. ಕ್ರೌಡನ್‌ನಿಂದ ಲ್ಯಾಡೋ ರಾಕ್ಸ್ ದಾಟಿದ ಮೇಲೆ ಪೆನ್ನೈನ್ ವೇ ಅನ್ನೋ ದೂರದ ನಡಿಗೆ ದಾರಿಗೆ ಕಲ್ಲು ಚಪ್ಪಡಿ ಹಾಸಿದಾರೆ, ಹಿಂದೆ ಟ್ರಿಗ್ ಪಾಯಿಂಟ್ ಸುತ್ತ ಬರೀ ಕಪ್ಪು ಕೆಸರಂತೆ, ಈಗ ಹಸಿರು ವಾಪಸ್ ಬಂದಿದೆ. ತೊಂದರೆ ಏನಂದ್ರೆ ಕ್ರೌಡನ್‌ಗೆ ಟ್ರೇನ್ ಇಲ್ಲ, ಕಾರ್ ಇರೋ ಗೆಳೆಯರು ಬೇಕು.

ನನ್ನ ಮನಸ್ಸು ಮಾತ್ರ ಬ್ಲೀಕ್ಲೋ ಮೇಲೇ. ಮೂರನೇ ಸಲ ಫೆಬ್ರವರಿಯಲ್ಲಿ ಆಕಾಶ ತಿಳಿಯಾಗಿತ್ತು, ಹಿಮ ಕರಗಿದ ಕಪ್ಪು ಪೀಟ್ ಮೇಲೆ ಬೆಳ್ಳಗಿನ ಬೆಟ್ಟದ ಮೊಲ ಒಂದು ಕೂತಿತ್ತು, ನಮ್ಮನ್ನ ನೋಡ್ತು, ಆಮೇಲೆ ನಿಧಾನಕ್ಕೆ ಗ್ರಫ್ ಒಳಗೆ ಇಳಿದುಹೋಯ್ತು.