ದದ್ದು ಇಳಿಯಿತೆಂದು ಮನೆಗೆ ಕಳಿಸಿದರು

ಆಹಾರದ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಇದನ್ನು ಓದಿ. ಮೈಮೇಲಿನ ದದ್ದು ಇಳಿದಿದೆ, ಇನ್ನೇನೂ ಭಯವಿಲ್ಲ ಎಂದು ಯಾರೇ ಹೇಳಲಿ, ನಂಬಬೇಡಿ. ನಮಗೆ ಹಾಗೆ ಹೇಳಿದ್ದು ಒಬ್ಬ ಡಾಕ್ಟರು.

ನಮ್ಮಕ್ಕನಿಗೆ ಗೋಡಂಬಿ ಆಗಿಬರುವುದಿಲ್ಲ. ಹೋದಲ್ಲೆಲ್ಲ ಕೇಳಿಯೇ ತಿನ್ನುತ್ತಾಳೆ. ಅವತ್ತೂ ಕೇಳಿದಳು, ಇಲ್ಲ ಅಂದರು, ಆದರೆ ಅರೆದು ಹಾಕಿದ್ದರು. ಊಟ ಮುಗಿಯುವ ಮೊದಲೇ ತುಟಿ ಚುರುಗುಟ್ಟಿ, ಕುತ್ತಿಗೆ ತೋಳಿನ ಮೇಲೆಲ್ಲ ದದ್ದು ಎದ್ದವು. ಹೊಟ್ಟೆ ಹಿಂಡಿ ವಾಂತಿಯಾಯಿತು. ದನಿ ಗೊಗ್ಗರಾಯಿತು.

ಹತ್ತಿರದ ಕ್ಲಿನಿಕ್‌ನಲ್ಲಿ ತುರಿಕೆಗೊಂದು ಇಂಜೆಕ್ಷನ್, ಜೊತೆಗೊಂದು ಸ್ಟೀರಾಯ್ಡ್ ಕೊಟ್ಟರು. ವಾಂತಿ ಗಾಬರಿಗೆ ಆಗಿದೆಯಂತೆ. "ಡಾಕ್ಟ್ರೇ, ಅಡ್ರಿನಲಿನ್ ಕೊಡಲ್ವಾ?" ಎಂದು ಭಾವ ಕೇಳಿದರು. "ಅದು ಹಾರ್ಟಿಗೆ ಒಳ್ಳೇದಲ್ಲ, ಉಸಿರು ನಿಲ್ಲೋ ಹಾಗಾದಾಗ ಮಾತ್ರ" ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ದದ್ದು ಮಾಯವಾಯಿತು, ನಮ್ಮನ್ನು ಮನೆಗೆ ಕಳಿಸಿದರು.

ಈ ಉತ್ತರ ಎಷ್ಟು ತಪ್ಪು ಎಂಬುದನ್ನು ಬಿಡಿಸಿ ಹೇಳಲೇಬೇಕು. ದದ್ದಿನ ಜೊತೆಗೆ ವಾಂತಿಯೂ ಆಗಿ ಗಂಟಲೂ ಕಟ್ಟಿದರೆ ಅದು ಬರೀ ಚರ್ಮದ ಅಲರ್ಜಿಯಲ್ಲ, ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಗೆ ಹಬ್ಬಿ ಪ್ರಾಣಕ್ಕೇ ಕುತ್ತು ತರಬಲ್ಲ ತೀವ್ರ ಅಲರ್ಜಿ. ಅದಕ್ಕೆ ಮೊದಲ ಔಷಧ ಅಡ್ರಿನಲಿನ್. ಅದು ಹಿಗ್ಗಿದ ರಕ್ತನಾಳಗಳನ್ನು ಬಿಗಿಮಾಡಿ ಬಿಪಿ ಏರಿಸುತ್ತದೆ, ಗಂಟಲಿನ ಊತ ಇಳಿಸುತ್ತದೆ, ಶ್ವಾಸನಾಳ ಸಡಿಲಿಸುತ್ತದೆ. ತುರಿಕೆಯ ಔಷಧಕ್ಕೆ ಇದ್ಯಾವುದೂ ಸಾಧ್ಯವಿಲ್ಲ. ಅದು ದದ್ದು ತುರಿಕೆ ಇಳಿಸುತ್ತದೆ, ಅಷ್ಟೇ. ಒಳಗಿನ ಬೆಂಕಿ ಉರಿಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವ ಹೊಗೆ ಮಾತ್ರ ನಿಂತಿರುತ್ತದೆ. ಸ್ಟೀರಾಯ್ಡ್ ಕೆಲಸ ಶುರುಮಾಡುವುದಕ್ಕೇ ಗಂಟೆಗಳು ಬೇಕು. ಇನ್ನು ಹಾರ್ಟಿನ ಮಾತು: ತೊಡೆಯ ಹೊರಬದಿಯ ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅಡ್ರಿನಲಿನ್ ಸುರಕ್ಷಿತ. ಕೆ.ಜಿ. ತೂಕಕ್ಕೆ 0.01 ಮಿ.ಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿ.ಗ್ರಾಂ. ಸುಧಾರಿಸದಿದ್ದರೆ 5ರಿಂದ 15 ನಿಮಿಷಕ್ಕೆ ಇನ್ನೊಂದು. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ; ನಡುಗಲಿ ಬಿಡಿ.

ರಾತ್ರಿ ಅಕ್ಕನಿಗೆ ಮತ್ತೆ ಹೊಟ್ಟೆನೋವು, ಉಸಿರಿನಲ್ಲಿ ಸೀಟಿ ಹೊಡೆದ ಹಾಗೆ ಸದ್ದು. ಈ ಸಲ ಮೈಮೇಲೆ ಒಂದೇ ಒಂದು ದದ್ದು ಇರಲಿಲ್ಲ. ಹೀಗೂ ಆಗುತ್ತದೆ: ಅನಾಫಿಲಾಕ್ಸಿಸ್ ಆದ ನೂರು ಜನರಲ್ಲಿ ಹತ್ತಿಪ್ಪತ್ತು ಜನರಿಗೆ ಚರ್ಮದಲ್ಲಿ ಏನೂ ಕಾಣುವುದಿಲ್ಲ. ಬಚ್ಚಲಿಗೆಂದು ಎದ್ದು ನಿಂತವಳು ಅಲ್ಲೇ ಕುಸಿದಳು. ಬಿಪಿ ಬಿದ್ದಿರುವಾಗ ಎದ್ದು ನಿಂತರೆ ರಕ್ತವೆಲ್ಲ ಕಾಲಿಗಿಳಿದು, ಹೃದಯಕ್ಕೆ ಒತ್ತಲು ರಕ್ತವೇ ಸಾಲದಾಗುತ್ತದೆ. ಇದರಿಂದಲೇ ಪ್ರಾಣ ಹೋದದ್ದುಂಟು.

ಆಂಬುಲೆನ್ಸಿನವರು ಫೋನಿನಲ್ಲೇ ಹೇಳಿದರು: ಅಂಗಾತ ಮಲಗಿಸಿ, ಕಾಲಡಿಗೆ ದಿಂಬಿಡಿ, ಯಾವ ಕಾರಣಕ್ಕೂ ನಡೆಸಬೇಡಿ. ಉಸಿರಾಟ ತೀರಾ ಕಷ್ಟವಾದರೆ ಕಾಲು ಚಾಚಿ ಕೂರಿಸಿ, ವಾಂತಿಯಾದರೆ ಒಂದು ಮಗ್ಗುಲಿಗೆ ಹೊರಳಿಸಿ. ಬಂದವರು ಬಟ್ಟೆಯ ಮೇಲಿಂದಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು, ದಾರಿಯಲ್ಲಿ ಎರಡನೆಯದು ಬೇಕಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳು ಮಾತಾಡುತ್ತಿದ್ದಳು.

ಒಮ್ಮೆ ಇಳಿದ ರಿಯಾಕ್ಷನ್ ಹೀಗೆ ಮತ್ತೆ ತಲೆಯೆತ್ತಬಹುದು. ಸಾಮಾನ್ಯವಾಗಿ ಕೆಲವು ಗಂಟೆಗಳೊಳಗೆ, ಅಪರೂಪಕ್ಕೆ 72 ಗಂಟೆಯವರೆಗೂ. ಮೊದಲ ಸಲ ಅಡ್ರಿನಲಿನ್ ತಡವಾದವರಲ್ಲಿ ಈ ಸಾಧ್ಯತೆ ಹೆಚ್ಚು. ಹಾಗಾಗಿ ತೀವ್ರ ರಿಯಾಕ್ಷನ್ ಆದವರನ್ನು ಗಂಟೆಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ. ನಿಮ್ಮನ್ನು ಬೇಗ ಹೊರಡಿಸಿದರೆ ಹೊರಡಬೇಡಿ, ಜಗಳವಾದರೂ ಪರವಾಗಿಲ್ಲ. ಆಸ್ತಮಾ ಇರುವವರಂತೂ ಜಪ್ಪಯ್ಯ ಎಂದರೂ ಏಳಬಾರದು.

ಈಗ ಅಕ್ಕನ ಬ್ಯಾಗಿನಲ್ಲಿ ತಾನೇ ಚುಚ್ಚಿಕೊಳ್ಳಬಹುದಾದ ಎರಡು ಅಡ್ರಿನಲಿನ್ ಪೆನ್ ಇರುತ್ತವೆ, ಒಂದು ಸಾಲದಿದ್ದರೆ ಇನ್ನೊಂದಿರಲಿ ಎಂದು. ಅಲರ್ಜಿ ತಜ್ಞರು ಯಾವಾಗ ಚುಚ್ಚಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಬಿಸಿಲಿಗೆ ಬಿಟ್ಟರೆ ಔಷಧ ಕೆಡುತ್ತದೆ, ಅವಧಿಯೂ ಮುಗಿಯುತ್ತದೆ, ನೋಡುತ್ತಿರಬೇಕು.

ಕ್ಲಿನಿಕ್‌ಗೆ ದೂರು ಕೊಟ್ಟೆವು. ಕಳಿಸುವಾಗ ಬಿಪಿ ಸರಿಯಾಗಿಯೇ ಇತ್ತು ಎಂದು ಉತ್ತರ ಬರೆದರು. ಅವರೇ ಕೊಟ್ಟ ಚೀಟಿಯಲ್ಲಿ "ಚರ್ಮದ ಅಲರ್ಜಿ, ಗುಣವಾಗಿದೆ" ಎಂದಿದೆ, ಬಿಪಿಯ ಅಂಕಿ ಎಲ್ಲೂ ಇಲ್ಲ. ನೀವು ಹೊರಡುವ ಮೊದಲು ಅದನ್ನು ಅಳೆಸಿ, ಚೀಟಿಯಲ್ಲಿ ಬರೆಸಿಕೊಳ್ಳಿ.