ಏಳದ ಲ್ಯಾಪ್‌ಟಾಪ್‌ಗೆ ಸಿಸ್ಟಂರೆಸ್ಕ್ಯೂ

ಬಸವನಗುಡಿಯ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಕಳೆದ ತಿಂಗಳು ನೀಲಿ ಪರದೆಯಲ್ಲೇ ನಿಂತುಹೋದಾಗ, ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎಂದುಬಿಟ್ಟರು. ಹತ್ತು ವರ್ಷಗಳ ಫೋಟೋಗಳನ್ನು ಕಳೆದುಕೊಳ್ಳಲು ಮನಸ್ಸಾಗದೆ, ಸಿಸ್ಟಂರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿದೆ.

ಆರ್ಚ್ ಲಿನಕ್ಸ್ (ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ) ಆಧಾರಿತವಾದ ಇದು ಹಾರ್ಡ್‌ಡಿಸ್ಕ್‌ನಲ್ಲಿ ಏನನ್ನೂ ಸ್ಥಾಪಿಸದೆ ನಡೆಯುತ್ತದೆ. ಮೊದಲು ಡಿಸ್ಕ್‌ನ ಸ್ಮಾರ್ಟ್ ವರದಿಯನ್ನು (ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಡುವ ಲೆಕ್ಕ) ತೆಗೆಸಿ ನೋಡಿದರೆ, ಸೊನ್ನೆಯಿರಬೇಕಾದ ಪೆಂಡಿಂಗ್ ಸೆಕ್ಟರ್‌ಗಳ (ಓದಲು ತೊಂದರೆ ಕೊಡುತ್ತಿರುವ ತುಣುಕುಗಳ) ಸಂಖ್ಯೆ 112 ಎಂದಿತ್ತು. ಅಂದರೆ ಕೆಟ್ಟಿದ್ದು ವಿಂಡೋಸ್ ಅಲ್ಲ, ಡಿಸ್ಕೇ. ಕೆಡುತ್ತಿರುವ ಡಿಸ್ಕ್‌ನಿಂದ ಇನ್ನೊಂದಕ್ಕೆ ನಕಲು ಮಾಡಲು ಸಿಸ್ಟಂರೆಸ್ಕ್ಯೂನಲ್ಲಿರುವ ಡಿಡಿರೆಸ್ಕ್ಯೂ ಎಂಬ ಸಾಧನ ನನಗೆ ಬಹಳ ಮೆಚ್ಚುಗೆಯಾಯಿತು. ಅದು ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಮೊದಲು ನಕಲು ಮಾಡಿ, ಹಟ ಹಿಡಿದ ಭಾಗಗಳನ್ನು ಕೊನೆಗೆ ಉಳಿಸಿಕೊಂಡು ಮತ್ತೆ ಯತ್ನಿಸುತ್ತದೆಯಲ್ಲದೆ, ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುತ್ತದೆ. ನಡುರಾತ್ರಿ ಕರೆಂಟ್ ಹೋಗಿ (ಬ್ಯಾಟರಿ ಎಂದೋ ಸತ್ತಿತ್ತು) ಯಂತ್ರ ಆರಿದರೂ, ಮ್ಯಾಪ್ ಕಡತವನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟಿದ್ದರಿಂದ ಬೆಳಿಗ್ಗೆ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು.

ಕೊರತೆಯೂ ಇದೆ. ಬೂಟ್ ಆದೊಡನೆ ಕಾಣುವುದು ಆದೇಶಗಳನ್ನು ಟೈಪಿಸಬೇಕಾದ ಕಪ್ಪು ಪರದೆ. ಸ್ಟಾರ್ಟ್‌ಎಕ್ಸ್ ಎಂದು ಟೈಪಿಸಿದ ಮೇಲಷ್ಟೇ ಡೆಸ್ಕ್‌ಟಾಪ್ ಬರುತ್ತದೆ. ವಿಂಡೋಸ್‌ಗಷ್ಟೇ ಒಗ್ಗಿಕೊಂಡವರಿಗೆ ವಿಂಡೋಸ್‌ನಂತೆಯೇ ಕಾಣುವ ಹೈರೆನ್ಸ್ ಬೂಟ್‌ಸಿಡಿ ಪಿಇ ಎಂಬ ಇಂಥದೇ ತಂತ್ರಾಂಶ ಹೆಚ್ಚು ಸಲೀಸು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ) ಹಾಕಿದ ಡಿಸ್ಕಾದರೆ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಲಿ. ಡಿಡಿರೆಸ್ಕ್ಯೂ ಆದೇಶದಲ್ಲಿ ಮೂಲ ಮತ್ತು ಗುರಿ ಡಿಸ್ಕ್‌ಗಳ ಹೆಸರು ಅದಲುಬದಲಾದರೆ ಉಳಿಸಬೇಕಾದದ್ದೇ ಅಳಿಸಿಹೋಗುತ್ತದೆ. ನಾನು ಎಂಟರ್ ಒತ್ತುವ ಮುನ್ನ ಮೂರು ಬಾರಿ ಓದಿಕೊಂಡೆ.